ಮಿನಿಟ್ಸ್ ಓದುವ ಹೊತ್ತು

ಮೂವತ್ತನಾಲ್ಕನೇ ವಯಸ್ಸಿನಲ್ಲಿ ನಿವೃತ್ತಿ ಎಂದು ಬರೆದರೆ ನಗುವವರಿದ್ದಾರೆ. ಆದರೆ ಒಂಬತ್ತು ವರ್ಷ ಪಕ್ಷದ ಕಚೇರಿಯಲ್ಲಿ ಪೂರ್ಣಾವಧಿ ಕೆಲಸ ಮಾಡಿ, ಒಂದು ಬೆಳಿಗ್ಗೆ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಮೆಟ್ಟಿಲಿಳಿದು ಬಂದದ್ದಕ್ಕೆ ನನಗೆ ಬೇರೆ ಪದ ಸಿಕ್ಕಿಲ್ಲ. ನನ್ನ ನಂತರ ಆ ಕುರ್ಚಿಗೆ ಬಂದವರು ಮೊನ್ನೆ ಫೋನ್ ಮಾಡಿದ್ದರು. "ಅಕ್ಕ, ಇಲ್ಲಿ ಕೆಲಸ ಎಂತ ಅಂತ ಯಾರೂ ಹೇಳಿಕೊಡುವುದಿಲ್ಲ. ಎಲ್ಲರೂ ಆದರ್ಶ ಮಾತ್ರ ಹೇಳ್ತಾರೆ," ಎಂದರು. ಅವರಿಗಾಗಿ, ಅವರ ಹಾಗೆ ಈ ಕೆಲಸಕ್ಕೆ ಬರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಕಚೇರಿ ಗಡಿನಾಡಿನ ಬೋವಿಕಾನ ಪೇಟೆಯಲ್ಲಿ, ಗೊಬ್ಬರದ ಅಂಗಡಿಯ ಮೇಲಿನ ಎರಡು ಕೋಣೆ. ಯೂರಿಯಾದ ವಾಸನೆಗೆ ಒಂದು ತಿಂಗಳಲ್ಲಿ ಮೂಗು ಒಗ್ಗುತ್ತದೆ. ಜಿಲ್ಲಾ ಸಮಿತಿಯಿಂದ ಮಲಯಾಳದಲ್ಲಿ ಬರುವ ಸುತ್ತೋಲೆಗಳನ್ನು ಕನ್ನಡಕ್ಕೆ ಮಾಡುವುದು, ಪತ್ರಿಕಾ ಹೇಳಿಕೆ ಬರೆಯುವುದು, ನಾಯಕರ ಭಾಷಣ ಬರೆದುಕೊಡುವುದು, ಸಮಿತಿಯ ಮಿನಿಟ್ಸ್ ಬರೆಯುವುದು ನನ್ನ ಕೆಲಸ. ಸಮಿತಿಯಲ್ಲಿ ನನಗೆ ಮತವಿರಲಿಲ್ಲ. ಎಲ್ಲ ಸಭೆಯಲ್ಲೂ ಕೂತಿರಬೇಕು, ಎಲ್ಲವನ್ನೂ ಕೇಳಿಸಿಕೊಳ್ಳಬೇಕು, ಮಾತಾಡಬಾರದು. ಸ್ವಭಾವತಃ ಮಾತು ಕಡಿಮೆಯಿರುವ ನನಗೆ ಅದು ಕಷ್ಟವೆನಿಸಲಿಲ್ಲ. ಕಷ್ಟವೆನಿಸದೆ ಇದ್ದದ್ದೇ ತಪ್ಪಾಯಿತು ಎಂದು ಈಗ ಅನಿಸುತ್ತದೆ.

ನಮ್ಮದು ಹಳೆಯ ಮಿಷನ್ ಕಾಲದ ಕ್ರೈಸ್ತ ಕುಟುಂಬ. ಚರ್ಚಿನಲ್ಲಿ ಇಪ್ಪತ್ತು ಮನೆಯವರೂ ಇಲ್ಲ, ಆರಾಧನೆ ಕನ್ನಡದಲ್ಲಿ. ನಾನು ಎಂ.ಎ. ಮುಗಿಸಿ ಪಕ್ಷದ ಕಚೇರಿಗೆ ಸೇರಿದಾಗ ಹಿರಿಯರೊಬ್ಬರು, "ಸುಗುಣ ದಾರಿ ತಪ್ಪಿದಳು," ಎಂದರು. ನಾನು ದಾರಿ ಬಿಟ್ಟಿರಲಿಲ್ಲ. ಬಡವರ ಪಕ್ಷ ವಹಿಸುವ ದೇವರನ್ನು ಭಾನುವಾರ ಹಾಡಿ ಹೊಗಳಿ, ಸೋಮವಾರ ಅವರ ರೇಷನ್ ಕಾರ್ಡಿನ ಅರ್ಜಿ ಬರೆದುಕೊಡದಿದ್ದರೆ ಆ ಹಾಡಿಗೆ ಅರ್ಥವಿಲ್ಲ ಎಂದು ನಂಬಿದ್ದೆ. ಈಗಲೂ ನಂಬುತ್ತೇನೆ.

ಮೊದಲು ಒಂದು ಎಡವಟ್ಟು ಹೇಳುತ್ತೇನೆ. ನಾನು ಸೇರಿದ ಕಾಲಕ್ಕೆ ಸಭೆಯ ನೋಟಿಸು ಪ್ರೆಸ್ಸಿನಲ್ಲಿ ಅಚ್ಚಾಗುತ್ತಿತ್ತು. ಅಚ್ಚುಮೊಳೆ ಜೋಡಿಸುವ ಕಾಲ ಮುಗಿದಿದ್ದರೂ ಪ್ರೆಸ್ಸಿನವರು ಪ್ರೂಫ್ ಕಳಿಸುತ್ತಿದ್ದರು, ಒಂದು ದಿನ ಕಳೆಯುತ್ತಿತ್ತು, ತಪ್ಪು ಕಣ್ಣಿಗೆ ಬೀಳುತ್ತಿತ್ತು. ಆಮೇಲೆ ಎಲ್ಲವೂ ವಾಟ್ಸಾಪಿಗೆ ಬಂತು. ಹಳೆಯ ಕಾರ್ಯಕರ್ತರೊಬ್ಬರು ತೀರಿಕೊಂಡಾಗ ಶ್ರದ್ಧಾಂಜಲಿ ಸಭೆಯ ನೋಟಿಸನ್ನು ಐದೇ ನಿಮಿಷದಲ್ಲಿ ತಯಾರಿಸಿ ಕಳಿಸಿದೆ. ತೀರಿಕೊಂಡವರ ಚಿತ್ರದ ಜಾಗದಲ್ಲಿ ಸಭೆಯ ಅಧ್ಯಕ್ಷತೆ ವಹಿಸಬೇಕಾದ ಬಾಲೇಟ್ಟನ ಚಿತ್ರ ಇತ್ತು. ಬಾಲೇಟ್ಟನ ಹೆಂಡತಿಗೆ ದುಬೈಯಲ್ಲಿರುವ ನೆಂಟರಿಂದ ಅಳುವ ಫೋನು ಬಂತು. ಬಾಲೇಟ್ಟ ಮೆಟ್ಟಿಲು ಹತ್ತಿ ಬಂದು ನನ್ನ ಮೇಜಿನ ಮುಂದೆ ನಿಂತರು.

"ಮೋಳೆ, ನಾನು ಸತ್ತದ್ದು ಎಷ್ಟು ಗಂಟೆಗೆ? ಊಟ ಮಾಡಿದ ಮೇಲೆಯೋ ಮೊದಲೋ? ಊಟ ಆಗ್ಲಿಲ್ಲ, ಅದಕ್ಕೆ ಕೇಳಿದ್ದು."

ಬಾಲೇಟ್ಟ ನಮ್ಮ ಮಂಡಲ ಸಮಿತಿಯ ಕಾರ್ಯದರ್ಶಿ. ಮನೆಮಾತು ಮಲಯಾಳ, ಕನ್ನಡ ಸರಾಗ. ನನ್ನನ್ನು ಮಲಯಾಳದಲ್ಲಿ 'ಮೋಳೆ', ಮಗಳೇ, ಎಂದೇ ಕರೆಯುತ್ತಿದ್ದರು. ಬೈಯಲಿಲ್ಲ. "ಕಳಿಸಿದ್ದನ್ನು ಹಿಂದೆ ತೆಗಿಲಿಕ್ಕೆ ಆಗುದಿಲ್ಲ. ತಪ್ಪಾಯ್ತು ಅಂತ ಅದೇ ಗ್ರೂಪಿಗೆ ಇನ್ನೊಂದು ಕಳಿಸು," ಎಂದರು. ಅಷ್ಟು ನೇರವಾದ ಮನುಷ್ಯ. ಮುಂದಿನದನ್ನು ಓದುವಾಗ ಅವರನ್ನು ಕೆಟ್ಟವರೆಂದು ತಿಳಿಯಬೇಡಿ ಎಂಬುದಕ್ಕೆ ಇದನ್ನು ಹೇಳಿದೆ.

ನಮ್ಮ ದೊಡ್ಡ ನಾಯಕರು ಮಾಷ್ಟ್ರು. ಊರಿಗೆಲ್ಲ ಅವರು ಮಾಷ್ಟ್ರೇ. ಶಾಲೆಯಿಂದ ನಿವೃತ್ತರಾಗಿ ಹತ್ತು ವರ್ಷ ಕಳೆದರೂ ಹೆಸರು ಹಿಡಿದು ಕರೆಯುವವರಿರಲಿಲ್ಲ. ಎಣ್ಮಕಜೆಯ ಗೇರುತೋಟಗಳ ಮೇಲೆ ಹಿಂದೆ ಸಿಂಪಡಿಸಿದ ವಿಷದಿಂದ ಹಾಸಿಗೆ ಹಿಡಿದ ಮಕ್ಕಳ ಮನೆಗಳಿಗೆ ಅವರು ತಿಂಗಳಿಗೆ ಒಮ್ಮೆಯಾದರೂ ಹೋಗುತ್ತಿದ್ದರು. ಅರ್ಜಿ ತಾವೇ ಬರೆಯುತ್ತಿದ್ದರು. ಆ ತಾಯಂದಿರು ಅವರನ್ನು ಕಂಡರೆ ಕುರ್ಚಿ ಹಾಕುವುದಲ್ಲ, ಮಗುವನ್ನು ಕೈಗೆ ಕೊಡುತ್ತಿದ್ದರು. ಸ್ಥಳೀಯ ಚುನಾವಣೆ ಹತ್ತಿರ ಬಂದಾಗ ಜಿಲ್ಲಾ ಪಂಚಾಯತಿಗೆ ಅವರೇ ಅಭ್ಯರ್ಥಿ ಎಂಬುದರಲ್ಲಿ ಎರಡು ಮಾತಿರಲಿಲ್ಲ.

ಆ ದಿನ ಎಣ್ಮಕಜೆಯಲ್ಲಿ, ನಾಲ್ಕಾರು ಮನೆಯವರನ್ನು ಸೇರಿಸಿ ಪಕ್ಷ ನಡೆಸುವ ಒಂದು ಕುಟುಂಬ ಸಭೆ ಇತ್ತು. ಪಕ್ಷದ ಜೀಪಿನಲ್ಲಿ ಮಾಷ್ಟ್ರು, ಚಾಲಕ ಸುಂದರಣ್ಣ ಹೋಗಿದ್ದರು. ನಾನು ಕಚೇರಿಯಲ್ಲಿದ್ದೆ. ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಸುಂದರಣ್ಣನ ಫೋನು ಬಂತು.

"ಸುಗುಣಕ್ಕ, ಮೈಕಿನವ ಗಾಡಿ ತರಲಿಲ್ಲ. ಕುರ್ಚಿಗಳನ್ನು ಯಾರ ಮನೆಯಲ್ಲಿ ಇಡುದು? ನಾನು ಇಲ್ಲೇ ಉಳಿದಿದ್ದೇನೆ. ಮಾಷ್ಟ್ರಿಗೆ ಅರ್ಜೆಂಟಂತೆ, ಜೀಪು ಅವರೇ ತೆಗೊಂಡು ಹೋದ್ರು."

ಪಕ್ಕದ ಮನೆಯಲ್ಲಿ ಇಡಲು ಹೇಳಿದೆ. ಮೂರೂವರೆಗೆ, ಬೋವಿಕಾನದ ಹತ್ತಿರದ ಒಂದು ತಿರುವಿನಲ್ಲಿ ಆ ಜೀಪು ಕಮಲಕ್ಕನಿಗೆ ಹೊಡೆಯಿತು. ಕಮಲಕ್ಕ ಬೀಡಿ ಕಟ್ಟುವವರು, ಕಟ್ಟಿದ ಬೀಡಿ ಕೊಟ್ಟು ಮನೆಗೆ ನಡೆದು ಹೋಗುತ್ತಿದ್ದರು. ತೊಡೆಯ ಎಲುಬು ಮುರಿಯಿತು. ಮಾಷ್ಟ್ರೇ ಅಲ್ಲಿ ಸೇರಿದ ನಾಲ್ಕೈದು ಮಂದಿಯ ಸಹಾಯದಿಂದ ಅವರನ್ನು ಜೀಪಿಗೆ ಹಾಕಿ ಆಸ್ಪತ್ರೆಗೆ ಸೇರಿಸಿದರು. ಸೇರಿದವರೆಲ್ಲ ನಮ್ಮ ಪಕ್ಷದ ಮನೆಯವರು, ಹೊರಗೆ ಬಾಯಿ ಬಿಡುವವರಲ್ಲ.

ಐದು ಗಂಟೆಗೆ ಬಾಲೇಟ್ಟ ಬಂದು ಪತ್ರಿಕಾ ಹೇಳಿಕೆ ಬರೆಯಲು ಹೇಳಿದರು. ನಾನು ಜೀಪು ಡಿಕ್ಕಿಯಾಗಿ ಮಹಿಳೆ ಗಾಯಗೊಂಡರು ಎಂದು ಬರೆದೆ. ಅವರು ಓದಿ, "ಡ್ರೈವರನ ಹೆಸರು ಹಾಕು. ಸುಂದರ," ಎಂದರು.

"ಸುಂದರಣ್ಣ ಎಣ್ಮಕಜೆಯಲ್ಲಿ ಇದ್ರಲ್ಲ?"

"ಇದ್ದದ್ದು ನಿನಗೆ ಗೊತ್ತು, ನನಗೆ ಗೊತ್ತು. ಅವನೇ ಒಪ್ಪಿದ್ದಾನೆ. ಸ್ಟೇಷನಿಗೂ ಹೋಗಿ ಆಯ್ತು. ಈಗ ಮಾಷ್ಟ್ರ ಮೇಲೆ ಕೇಸ್ ಆದ್ರೆ ನಾಳೆ ಎದುರಿನವರ ಪೋಸ್ಟರ್ ಬೀಳ್ತದೆ, ಮೋಳೆ. ಹೆಸರು ಹಾಕು."

ಹಾಕಿದೆ. ಪಕ್ಷದ ವಾಹನದ ಚಾಲಕ ಸುಂದರ ಎಂದು ನನ್ನ ಕೈಯಿಂದಲೇ ಟೈಪ್ ಮಾಡಿದೆ. ಎಲ್ಲ ಪತ್ರಿಕೆಗಳಿಗೆ ಕಳಿಸಿದೆ. ಮರುದಿನದ ತುರ್ತು ಸಭೆಯ ಮಿನಿಟ್ಸಿನಲ್ಲೂ ಅದನ್ನೇ ಬರೆದೆ. ನಾನು ಬರೆಯುವವಳು ಮಾತ್ರ, ಹೇಳಿದವರು ಬೇರೆ ಎಂದು ಸಮಾಧಾನ ಮಾಡಿಕೊಂಡೆ. ಈ ಕೆಲಸದಲ್ಲಿ ಎಲ್ಲರೂ ಮಾಡಿಕೊಳ್ಳುವ ಸಮಾಧಾನ ಅದು. ಎದುರು ಪಕ್ಷದವರ ಮೇಲೆ ಆರೋಪ ಬಂದಾಗ ರಾಜೀನಾಮೆ ಕೇಳುವ ಹೇಳಿಕೆಯನ್ನು ನಾನು ಗಂಟೆಯೊಳಗೆ ಕಳಿಸುತ್ತಿದ್ದೆ. ನಮ್ಮವರ ಮೇಲೆ ಬಂದಾಗ ಕಾನೂನು ತನ್ನ ದಾರಿ ನೋಡಿಕೊಳ್ಳುತ್ತದೆ ಎಂದು ಬರೆಯುತ್ತಿದ್ದೆ. ಎರಡಕ್ಕೂ ಮಾದರಿ ಪ್ರತಿ ನನ್ನ ಕಂಪ್ಯೂಟರಿನಲ್ಲಿತ್ತು.

ನಾಲ್ಕು ದಿನದ ಮೇಲೆ ಸುಂದರಣ್ಣ ಕಚೇರಿಗೆ ಬಂದಾಗ ಎಲ್ಲರೂ ಎದ್ದು ಬೆನ್ನು ತಟ್ಟಿದರು. ಒಬ್ಬರು ಚಹಾ ತರಿಸಿದರು. ಅವರು ಕುಡಿಯಲಿಲ್ಲ.

"ಲೈಸೆನ್ಸ್ ತೆಗ್ದಿಟ್ಟಿದ್ದಾರೆ," ಎಂದು ನನ್ನ ಹತ್ತಿರ ಮಾತ್ರ ಹೇಳಿದರು. "ಕೇಸು ಮುಗಿಯುವವರೆಗೆ ಸ್ಟೇರಿಂಗ್ ಮುಟ್ಲಿಕ್ಕೆ ಇಲ್ಲ. ಇಪ್ಪತ್ತಾರು ವರ್ಷ ಆಯ್ತು ಅಕ್ಕ, ಒಂದು ಕೋಳಿಗೆ ತಾಗಿಸಿದವ ಅಲ್ಲ ನಾನು. ನಿನ್ನೆ ಬಸ್ಸಿನಲ್ಲಿ ಒಬ್ಬ ಹೇಳ್ತಾನೆ, ಹೆಂಗಸರ ಮೇಲೆ ಜೀಪು ಹತ್ತಿಸುವವರು ಬಂದ್ರು, ಸೀಟು ಕೊಡಿ ಅಂತ."

"ಹಾಗಾದ್ರೆ ನಿಜ ಹೇಳಿ."

"ಮಾಷ್ಟ್ರಿಗೋಸ್ಕರ ಮಾಡಿದ್ದು ನಾನು. ನೀವು ತಲೆ ಹಾಕ್ಬೇಡಿ."

ಬಾಲೇಟ್ಟ ಒಳಗಿನ ಕೋಣೆಯಿಂದ ಇದನ್ನು ಕೇಳಿಸಿಕೊಂಡಿದ್ದರು. ಸುಂದರಣ್ಣ ಹೋದ ಮೇಲೆ ನನ್ನ ಮೇಜಿಗೆ ಬಂದು ನಕ್ಕರು. "ಮೋಳೆ, ನಿನಗೆ ಯಾಕೆ ಇದು ಅರ್ಥ ಆಗುದಿಲ್ಲ ಅಂತ ನನಗೆ ಅರ್ಥ ಆಗುದಿಲ್ಲ. ನಿಮ್ಮ ಪಳ್ಳಿಯಲ್ಲಿ, ಚರ್ಚಿನಲ್ಲಿ ಹೇಳುವುದು ಇದೇ ಅಲ್ವಾ? ಎಲ್ಲರ ತಪ್ಪು ಒಬ್ಬ ಹೊತ್ತುಕೊಂಡ. ನಮ್ಮಲ್ಲಿ ಸುಂದರ ಹೊತ್ತುಕೊಂಡ."

ನಾನು ಕಂಪ್ಯೂಟರಿನ ಕಡೆಗೆ ತಿರುಗಿ ಆ ದಿನದ ಸುತ್ತೋಲೆ ತೆರೆದೆ.

ನಮ್ಮ ಚರ್ಚಿನಲ್ಲಿ ಒಂದು ಹಳೆಯ ಪದ್ಧತಿ ಉಳಿದುಕೊಂಡಿದೆ. ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ಭಾನುವಾರಕ್ಕೆ ಮೊದಲು, ಅದರಲ್ಲಿ ಪಾಲುಗೊಳ್ಳುವವರು ಸಭಾಪಾಲಕರಲ್ಲಿ, ಅಂದರೆ ಪಾದ್ರಿಗಳಲ್ಲಿ, ಹೋಗಿ ಹೆಸರು ಕೊಡಬೇಕು. ಯಾರೊಡನೆಯಾದರೂ ಜಗಳವಿದ್ದರೆ, ಮನಸ್ಸಿನಲ್ಲಿ ಸುಳ್ಳಿದ್ದರೆ, ಸರಿಮಾಡಿಕೊಂಡು ಬಂದು ಹೆಸರು ಕೊಡಬೇಕು. ಬೇರೆ ಊರಿನ ಚರ್ಚುಗಳಲ್ಲಿ ಇದು ಯಾವಾಗಲೋ ಹೋಗಿದೆ. ನಮ್ಮಲ್ಲಿ ಜನ ಕಡಿಮೆಯಾದ್ದರಿಂದ ಇದೆ. ಆ ತಿಂಗಳು ನಾನು ಹೆಸರು ಕೊಡಲಿಲ್ಲ. ಭಾನುವಾರ ಎಲ್ಲರೂ ಭೋಜನಕ್ಕೆ ಎದ್ದು ಮುಂದೆ ಹೋದಾಗ ಬೆಂಚಿನಲ್ಲಿ ಕೂತಿದ್ದೆ. ಇಪ್ಪತ್ತು ಮನೆಯವರ ನಡುವೆ ಅದು ಅಡಗುವ ವಿಷಯವಲ್ಲ.

ಆರಾಧನೆಯ ನಂತರ ಸಭಾಪಾಲಕರು ವರಾಂಡದಲ್ಲಿ ನನ್ನನ್ನು ನಿಲ್ಲಿಸಿದರು. ವಯಸ್ಸಾದವರು, ರಾಜಕೀಯವನ್ನು ದೂರವಿಟ್ಟವರು. ನಾನು ಎಲ್ಲವನ್ನೂ ಹೇಳಿದೆ. ಬಾಲೇಟ್ಟ ಹೇಳಿದ ಮಾತನ್ನೂ ಹೇಳಿದೆ. ಅವರು ಬಗ್ಗಿ ಚಪ್ಪಲಿಯ ಬಾರನ್ನು ಸರಿಮಾಡಿಕೊಂಡರು.

"ಆತನು ಶಿಲುಬೆ ಹೊತ್ತದ್ದು ಆಳುವವರ ಕುರ್ಚಿ ಉಳಿಸಲಿಕ್ಕೆ ಅಲ್ಲ ಅಮ್ಮ," ಎಂದರು. "ಆ ಕುರ್ಚಿಯವರೇ ಆತನನ್ನು ಕೊಂದದ್ದು. ಮತ್ತೆ, ನಾವು ಇಲ್ಲಿ ಪಾಪ ಅರಿಕೆ ಮಾಡುವಾಗ ಯಾರ ಪಾಪ ಅಂತ ಹೇಳ್ತೇವೆ? ನಮ್ಮದು ಅಂತ. ಇನ್ನೊಬ್ಬರ ಹೆಸರು ಹೇಳುವುದಿಲ್ಲವಲ್ಲ."

"ಹಾಗಾದ್ರೆ ನಾನು ನಿಮ್ಮಲ್ಲಿ ಹೇಳಿದ್ದು ಸಾಕಾ?"

"ಸಾಲದು. ನೀನು ಸುಳ್ಳು ಬರೆದದ್ದು ನನ್ನ ಪುಸ್ತಕದಲ್ಲಿ ಅಲ್ಲ. ಎಲ್ಲಿ ಬರೆದಿಯೋ ಅಲ್ಲಿ ತಿದ್ದು. ಆದ್ರೆ ಮೊದಲು ಜೀಪು ಓಡಿಸಿದ ಆ ಮನುಷ್ಯನ ಹತ್ತಿರ ಒಬ್ಬಳೇ ಹೋಗು. ಹತ್ತು ಜನರ ಎದುರು ನಾಚಿಸುವ ಮೊದಲು ಅವನಿಗೆ ಒಂದು ಅವಕಾಶ ಬೇಕು."

ಮಾಷ್ಟ್ರಲ್ಲಿಗೆ ಹೋಗುವ ಮೊದಲು ಆಸ್ಪತ್ರೆಗೆ ಹೋದೆ. ಅದುವರೆಗೆ ಹೋಗಿರಲಿಲ್ಲ. ಕಮಲಕ್ಕನ ಕಾಲಿಗೆ ಕಬ್ಬಿಣದ ಭಾರ ಕಟ್ಟಿ ತೂಗಿಸಿದ್ದರು. ಪಕ್ಕದ ಮೇಜಿನಲ್ಲಿ ಬ್ರೆಡ್ಡಿನ ಪ್ಯಾಕೆಟುಗಳು.

"ನೀವೂ ಬ್ರೆಡ್ಡು ತಂದ್ರಾ?" ಎಂದು ಕೇಳಿದರು. "ಪಕ್ಷದಿಂದ ಬಂದವರೆಲ್ಲ ಬ್ರೆಡ್ಡು ತರ್ತಾರೆ. ನನಗೆ ಜ್ವರ ಅಲ್ಲ ಮಾರಾಯ್ತಿ, ಕಾಲು ತುಂಡಾದದ್ದು."

ನಾನು ಬರಿಗೈಯಲ್ಲಿ ಹೋಗಿದ್ದೆ. ಕೂತುಕೊಂಡು, ಜೀಪು ಓಡಿಸುತ್ತಿದ್ದವರನ್ನು ನೋಡಿದಿರಾ ಎಂದು ಕೇಳಿದೆ.

"ನೋಡದೆ ಎಂತ? ಗಾಜಿನ ಒಳಗೆ ಮಾಷ್ಟ್ರ ಕನ್ನಡಕ. ಆಮೇಲೆ ಬಿದ್ದೆ, ಗೊತ್ತಿಲ್ಲ."

"ಪೊಲೀಸರಿಗೆ ಹೇಳ್ಲಿಲ್ವಾ?"

"ಅವರು ಬಂದು, ಸುಂದರನ ಜೀಪು ಹೊಡೆದದ್ದಲ್ವಾ ಅಂತ ಕೇಳಿದ್ರು. ಪಕ್ಷದ ಜೀಪಿಗೆ ಊರಿನವರೆಲ್ಲ ಸುಂದರನ ಜೀಪು ಅಂತಲೇ ಹೇಳುದು. ಹೌದು ಅಂದೆ. ಯಾರು ಓಡಿಸಿದ್ದು ಅಂತ ಇಷ್ಟು ದಿನ ಆಯ್ತು, ಯಾರೂ ಕೇಳಲೇ ಇಲ್ಲ. ನೀವೇ ಮೊದಲು." ಬಾಗಿಲಿನ ಕಡೆ ಕೈ ತೋರಿಸಿ, "ಮಾಷ್ಟ್ರು ದಿನಾ ಬರ್ತಾರೆ. ಅಲ್ಲಿ ಬಾಗಿಲಿನಲ್ಲಿ ನಿಲ್ತಾರೆ. ಒಳಗೆ ಬರುದಿಲ್ಲ," ಎಂದರು.

ಆ ಸಂಜೆ ಮಾಷ್ಟ್ರ ಮನೆಗೆ ಹೋದೆ. ಅವರು ಅಂಗಳದಲ್ಲಿ ಕುರ್ಚಿ ಹಾಕಿ ಕೂತಿದ್ದರು. ನಾನು ಬಂದ ಕಾರಣವನ್ನು ನಾಲ್ಕು ವಾಕ್ಯದಲ್ಲಿ ಹೇಳಿದೆ. ಅವರು ಅಲ್ಲಗಳೆಯಲಿಲ್ಲ.

"ಚುನಾವಣೆ ಮುಗಿಯಲಿ ಸುಗುಣ. ಆಮೇಲೆ ನಾನೇ ಹೇಳ್ತೇನೆ."

"ಗೆದ್ದ ಮೇಲೆ ಹೇಳುದು ಇನ್ನೂ ಕಷ್ಟ ಆಗ್ತದೆ ಮಾಷ್ಟ್ರೆ."

"ನಾನು ನಿಲ್ಲದಿದ್ರೆ ಎಣ್ಮಕಜೆಯ ಮಕ್ಕಳಿಗೆ ಜಿಲ್ಲಾ ಪಂಚಾಯತಿಯಲ್ಲಿ ಮಾತಾಡುವವರು ಯಾರುಂಟು? ನೀನು ಹೇಳು."

ಅದು ನಿಜವಾದ ಪ್ರಶ್ನೆ. ಈ ಕೆಲಸಕ್ಕೆ ಬರುವವರಿಗೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಇದು: ಸುಳ್ಳನ್ನು ಕಾಯಲು ನಿಮ್ಮನ್ನು ಕೇಳುವವರು ಕಳ್ಳರಂತೆ ಕೇಳುವುದಿಲ್ಲ. ಒಳ್ಳೆಯ ಕೆಲಸವನ್ನು ಮುಂದಿಟ್ಟು ಕೇಳುತ್ತಾರೆ. ಅಧಿಕಾರದಲ್ಲಿರುವವರ ಅನ್ಯಾಯಕ್ಕೆ ಬಲಿಯಾದ ಮಕ್ಕಳ ಹೆಸರು ಹೇಳಿ, ಇನ್ನೊಬ್ಬ ಬಡವನ ಮೇಲೆ ಅನ್ಯಾಯ ಹೊರಿಸಬಾರದು ಎಂದು ಮಾಷ್ಟ್ರಿಗೇ ಹೇಳಬೇಕಾಗಿ ಬಂತು. ಹೇಳಿದೆ. ಸುಂದರಣ್ಣನ ಲೈಸೆನ್ಸ್, ಬಸ್ಸಿನಲ್ಲಿ ಕೇಳಿದ ಮಾತು, ಎಲ್ಲವನ್ನೂ ಹೇಳಿದೆ. ಶುಕ್ರವಾರದ ಸಮಿತಿ ಸಭೆಯಲ್ಲಿ ನನ್ನ ತಪ್ಪನ್ನು ತಿದ್ದುತ್ತೇನೆ ಎಂದೂ ತಿಳಿಸಿದೆ. ಅವರು ಎದ್ದು ಒಳಗೆ ಹೋದರು. ಹೊರಡುವಾಗ ಅವರ ಹೆಂಡತಿ ಬಾಗಿಲ ಸಂದಿಯಿಂದ ನನ್ನನ್ನು ನೋಡುತ್ತಿದ್ದರು. ಚಹಾ ಕುಡಿದು ಹೋಗು ಎಂದು ಅವರು ಹೇಳದೆ ಇದ್ದದ್ದು ಅದೇ ಮೊದಲು.

ಸಮಿತಿಯ ಸಭೆ ಶುರುವಾಗುವುದು ಹಿಂದಿನ ಸಭೆಯ ಮಿನಿಟ್ಸ್ ಓದುವುದರಿಂದ. ಆ ಹೊತ್ತಿಗೆ ಯಾರೂ ಕೇಳುವುದಿಲ್ಲ. ಕೆಲವರು ಫೋನು ನೋಡುತ್ತಾರೆ, ಕೆಲವರು ವೀಳ್ಯ ಹಾಕಿಕೊಳ್ಳುತ್ತಾರೆ. ಓದಿ ಮುಗಿದ ಮೇಲೆ ಅಧ್ಯಕ್ಷರು ತಿದ್ದುಪಡಿ ಉಂಟಾ ಎಂದು ಕೇಳುತ್ತಾರೆ, ಇಲ್ಲ ಎಂದು ಎಲ್ಲರೂ ಒಟ್ಟಿಗೆ ಹೇಳುತ್ತಾರೆ, ಪುಸ್ತಕಕ್ಕೆ ಸಹಿ ಬೀಳುತ್ತದೆ. ಮತವಿಲ್ಲದ ನನಗೆ ಆ ಸಭೆಯಲ್ಲಿ ಬಾಯಿ ತೆರೆಯಲು ಹಕ್ಕಿದ್ದದ್ದು ಆ ಒಂದು ಹೊತ್ತಿನಲ್ಲಿ ಮಾತ್ರ. ಬರೆದವರೇ ತಮ್ಮ ಬರಹವನ್ನು ತಿದ್ದಬಹುದು.

ಅಂದು ಅಧ್ಯಕ್ಷತೆ ಬಾಲೇಟ್ಟನದ್ದು. ತಿದ್ದುಪಡಿ ಉಂಟಾ ಎಂದು ಕೇಳಿದಾಗ, "ಉಂಟು," ಎಂದೆ.

"ಎಂತ? ಕಾಗುಣಿತವಾ?" ಎಂದು ಯಾರೋ ನಕ್ಕರು.

"ಜೀಪನ್ನು ಸುಂದರಣ್ಣ ಓಡಿಸುತ್ತಿದ್ದರು ಎಂದು ನಾನು ಬರೆದದ್ದು ಸುಳ್ಳು. ಮೂರು ಗಂಟೆ ಇಪ್ಪತ್ತಕ್ಕೆ ಅವರು ಎಣ್ಮಕಜೆಯಿಂದ ನನಗೆ ಫೋನ್ ಮಾಡಿದ್ದಾರೆ. ಅಲ್ಲಿಂದ ಹತ್ತು ನಿಮಿಷದಲ್ಲಿ ಆ ತಿರುವಿಗೆ ಬರಲು ಸಾಧ್ಯವಿಲ್ಲ. ಕರೆಯ ಗುರುತು ನನ್ನ ಫೋನಿನಲ್ಲಿದೆ. ಗೊತ್ತಿದ್ದೇ ಬರೆದೆ. ಅದನ್ನು ತಿದ್ದಬೇಕು."

ಮಾಷ್ಟ್ರು ಎದುರು ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದರು.

"ಅದು ಅಜೆಂಡಾದಲ್ಲಿ ಇಲ್ಲ," ಎಂದರು ಬಾಲೇಟ್ಟ.

"ಮಿನಿಟ್ಸ್ ಅಜೆಂಡಾದ ಮೊದಲನೇ ವಿಷಯ."

"ಮೋಳೆ, ಪುಸ್ತಕ ಇಲ್ಲಿ ಕೊಡು."

ಕೊಟ್ಟೆ. ಅವರು ಹಳೆಯ ಮಿನಿಟ್ಸಿಗೆ ಸಹಿ ಹಾಕಿದರು. ಯಾರೂ ಆಕ್ಷೇಪಿಸಲಿಲ್ಲ. ನಾನು ಎದ್ದು ನಿಂತೆ. "ನಾಳೆ ಹತ್ತು ಗಂಟೆಗೆ ಸ್ಟೇಷನಿಗೆ ಹೋಗಿ ಇದನ್ನೇ ಹೇಳ್ತೇನೆ. ಬೇರೆಯವರಿಂದ ನಿಮಗೆ ತಿಳಿಯುವುದು ಬೇಡ ಅಂತ ಇಲ್ಲಿಯೇ ಹೇಳಿದ್ದು," ಎಂದು ಹೊರಗೆ ಬಂದೆ.

ಮುಂದೆ ಏನಾಯಿತು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಚುನಾವಣೆಗೆ ಬೇರೆಯವರು ನಿಂತರು, ನಾವು ಸೋತೆವು. ಸೋಲಿಗೆ ನಾನೇ ಕಾರಣ ಎಂದು ಹಲವರು ಇಂದಿಗೂ ಹೇಳುತ್ತಾರೆ, ಇರಬಹುದು. ಶಿಸ್ತು ಮೀರಿದ್ದಕ್ಕೆ ನನಗೆ ಮಲಯಾಳದಲ್ಲಿ ನೋಟಿಸು ಬಂತು. ಕಚೇರಿಯ ಕನ್ನಡ ಕಡತಕ್ಕಾಗಿ ಅದನ್ನು ಅನುವಾದಿಸಬೇಕಾದವಳೂ ನಾನೇ. ಒಂದು ಶಬ್ದವನ್ನೂ ಮೆದು ಮಾಡದೆ ಅನುವಾದಿಸಿ, ಕಡತದಲ್ಲಿಟ್ಟು, ಮತ್ತೂ ಎರಡು ವರ್ಷ ಅಲ್ಲಿಯೇ ಕೆಲಸ ಮಾಡಿದೆ. ಬಿಟ್ಟು ಹೋಗುವುದು ಸುಲಭವಿತ್ತು. ಆದರೆ ತಪ್ಪನ್ನು ಪ್ರಶ್ನಿಸುವವರೆಲ್ಲ ಹೊರಗೆ ಹೋದರೆ ಒಳಗೆ ಉಳಿಯುವವರು ಯಾರು? ಅದೇ ಪ್ರಶ್ನೆಯನ್ನು ಚರ್ಚಿನ ಬಗ್ಗೆಯೂ ಕೇಳಿಕೊಂಡು ಅಲ್ಲಿಯೂ ಉಳಿದಿದ್ದೇನೆ. ನಾನು ಹೊರಡುವ ಹೊತ್ತಿಗೆ ಸಮಿತಿಯಲ್ಲಿ ಒಂದು ಪದ್ಧತಿ ಬಂದಿತ್ತು: ಯಾರ ಮೇಲೆ ಆರೋಪವಿದೆಯೋ ಅವರು, ಅದರ ಚರ್ಚೆಯ ಹೊತ್ತಿನಲ್ಲಿ ಹೊರಗೆ ಕೂರಬೇಕು, ಆರೋಪ ಮಾಡಿದವರ ಮಾತನ್ನು ಸಮಿತಿ ಅವರ ಬಾಯಿಯಿಂದಲೇ ಕೇಳಬೇಕು. ಸಣ್ಣ ನಿಯಮ. ಹುಡುಕಿ ನೋಡಿ, ಪುಸ್ತಕದಲ್ಲಿದೆ. ಅದನ್ನು ಬಿಡಬೇಡಿ.

ಸುಂದರಣ್ಣನ ಲೈಸೆನ್ಸ್ ವಾಪಸು ಸಿಕ್ಕಿತು. ಸುಳ್ಳು ಹೇಳಿದ್ದಕ್ಕೆ ಪೊಲೀಸರು ಚೆನ್ನಾಗಿ ಬೈದು ಬಿಟ್ಟರು. ಈಗ ಅವರು ಶಾಲೆಯ ವ್ಯಾನು ಓಡಿಸುತ್ತಾರೆ. ನನ್ನನ್ನು ದಾರಿಯಲ್ಲಿ ಕಂಡರೆ ಮಾತಾಡುವುದಿಲ್ಲ, ಆದರೆ ವ್ಯಾನು ನಿಲ್ಲಿಸುತ್ತಾರೆ. ನಾನು ಹತ್ತುತ್ತೇನೆ.

ಸಭೆಯ ಮರುದಿನ, ಆ ಶನಿವಾರ ಹತ್ತು ಗಂಟೆಗೆ ನಾನು ಸ್ಟೇಷನ್ ತಲುಪಿದಾಗ ಸುಂದರಣ್ಣ ಅಲ್ಲಿದ್ದರು. ಜೀಪಿನ ಕಾಗದಪತ್ರ ಕೊಡಲು ಕರೆಸಿದ್ದರಂತೆ. ಗೋಡೆಯ ಬದಿಯ ಬೆಂಚಿನಲ್ಲಿ ಕಡತವನ್ನು ಮಡಿಲಲ್ಲಿಟ್ಟು ಕೂತಿದ್ದರು.

"ಬಂದ್ರಾ, ನನ್ನನ್ನು ಸುಳ್ಳ ಮಾಡ್ಲಿಕ್ಕೆ?"

"ನಾವಿಬ್ಬರೂ ಸುಳ್ಳರೇ ಸುಂದರಣ್ಣ. ನಾನು ಬರೆದವಳು."

ಅವರು ಆಚೆ ತಿರುಗಿದರು. ನಾನು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತೆ. ಹೇಳಿಕೆ ಬರೆದುಕೊಳ್ಳುವ ರೈಟರ್ ಯಾರದೋ ದೂರನ್ನು ಮುಗಿಸುತ್ತಿದ್ದರು. ಕಾಲು ಗಂಟೆ ಕಳೆದಿರಬಹುದು. ಹೊರಗೆ ಬಸ್ಸು ನಿಂತ ಸದ್ದಾಯಿತು. ಮಾಷ್ಟ್ರು ಒಬ್ಬರೇ ಇಳಿದು ಬಂದರು. ಸುಂದರಣ್ಣ ಅಭ್ಯಾಸದಿಂದ ಎದ್ದು ನಿಂತರು.

"ಕೂತ್ಕೋ ಸುಂದರ. ಇವತ್ತು ನಿಲ್ಲುವವ ನಾನು," ಎಂದು ಮಾಷ್ಟ್ರು ನೇರ ರೈಟರರ ಮೇಜಿಗೆ ಹೋದರು.

ಹೇಳಿಕೆ ಒಂದು ಪುಟವಾಯಿತು. ಜೀಪು ತಾನೇ ಓಡಿಸಿದ್ದು, ತಿರುವಿನಲ್ಲಿ ವೇಗ ಹೆಚ್ಚಿದ್ದು, ಸುಂದರ ಆಗ ಎಣ್ಮಕಜೆಯಲ್ಲಿದ್ದದ್ದು. ನನ್ನ ಫೋನಿನ ಕರೆಯ ಹೊತ್ತನ್ನೂ ಸೇರಿಸಿದರು. ರೈಟರ್ ಗಟ್ಟಿಯಾಗಿ ಓದಿ ಹೇಳಿ ಸಹಿಗೆ ಪೆನ್ನು ಕೊಟ್ಟರು. ಮಾಷ್ಟ್ರು ಪೆನ್ನು ತೆಗೆದುಕೊಳ್ಳಲಿಲ್ಲ.

"ಒಂದು ಬಿಟ್ಟುಹೋಗಿದೆ. ಹೊಡೆದ ಕೂಡಲೇ ನಾನು ನಿಲ್ಲಿಸಲಿಲ್ಲ. ಮುಂದಿನ ತಿರುವು ದಾಟಿ ಹೋದೆ. ಅಲ್ಲಿ ಸ್ವಲ್ಪ ಹೊತ್ತು ನಿಂತೆ. ಆಮೇಲೆ ಹಿಂದೆ ತಿರುಗಿಸಿದ್ದು."

ರೈಟರ್ ತಲೆಯೆತ್ತಿದರು. "ಮಾಷೇ, ಅದನ್ನು ಯಾರೂ ಹೇಳಿಲ್ಲ. ಕೇಸ್ ಗಟ್ಟಿಯಾಗ್ತದೆ. ಬೇಕಾ?"

"ನೋಡಿದವರು ಯಾರೂ ಇಲ್ಲ. ಅದಕ್ಕೇ ನಾನು ಹೇಳ್ಬೇಕಾದದ್ದು. ಬರೆಯಿರಿ."

ರೈಟರ್ ಹಾಳೆ ತಿರುವಿ ಬರೆದರು. ಅಷ್ಟು ವರ್ಷ ಮಾಷ್ಟ್ರ ಭಾಷಣಗಳನ್ನೆಲ್ಲ ನಾನೇ ಬರೆದುಕೊಟ್ಟಿದ್ದೆ. ಆ ನಾಲ್ಕು ವಾಕ್ಯ ಅವರದೇ.